ಉಪ್ಪಿನ ರಸ್ತೆಯಲ್ಲಿ ಕಾರಿನ ಹುಡುಕಾಟ

1989ರ ಚಳಿಗಾಲ ಕಾರಿನ ಹುಚ್ಚು ಹತ್ತಿದವರ ಪಾಲಿಗೆ ಸುಗ್ಗಿಯಾಗಿತ್ತು. ಜನವರಿಯಲ್ಲಿ ಡೆಟ್ರಾಯಿಟ್ ಆಟೋ ಷೋದಲ್ಲಿ ಡಾಡ್ಜ್ ಕಂಪನಿ ವೈಪರ್ ಎಂಬ ಕೆಂಪು ಮಾದರಿಯೊಂದನ್ನು ತಂದು ನಿಲ್ಲಿಸಿತು. ಮೇಲೆ ಚಾವಣಿಯಿಲ್ಲ, ಬಾಗಿಲಿಗೆ ಹೊರಗಿನಿಂದ ಹಿಡಿಯಿಲ್ಲ, ಉದ್ದನೆಯ ಮೂತಿಯೊಳಗೆ ಹತ್ತು ಸಿಲಿಂಡರಿನ ಇಂಜಿನ್ನು. ಮರುತಿಂಗಳು ಶಿಕಾಗೋದ ಮೆಕಾರ್ಮಿಕ್ ಪ್ಲೇಸ್‌ನಲ್ಲಿ, ಒಂದೇ ಸೂರಿನಡಿ, ಎರಡು ಜಪಾನಿ ಕಾರುಗಳು ಮೊದಲ ಸಲ ಜನರ ಕಣ್ಣಿಗೆ ಬಿದ್ದವು. ಒಂದು ಮಜ್ದಾದ ಪುಟಾಣಿ ಮಿಯಾಟಾ, ಇನ್ನೊಂದು ಹೋಂಡಾದ ಎನ್‌ಎಸ್‌ಎಕ್ಸ್. ಎರಡು ಊರುಗಳ ನಡುವೆ ಐ-94 ಹೆದ್ದಾರಿಯಲ್ಲಿ ಸುಮಾರು 450 ಕಿಲೋಮೀಟರ್ ದಾರಿ. ಸೆಕೆಂಡ್ ಹ್ಯಾಂಡಿನಲ್ಲಿ ವೇಗದ ಕಾರು ಕೊಳ್ಳಲು ಹೊರಟವರು ಇವತ್ತಿಗೂ ತೂಗಿ ನೋಡುವುದು ಆ ಮೂರು ಕಾರುಗಳು ಎತ್ತಿದ ಪ್ರಶ್ನೆಯನ್ನೇ. ಓಡಿಸಲು ಖುಷಿ ಕೊಡಬೇಕು, ನಡುದಾರಿಯಲ್ಲಿ ಕೈಕೊಡಬಾರದು, ವರ್ಷ ಕಳೆದಂತೆ ಬೆಲೆ ಏರಬೇಕು. ಮೂರೂ ಒಂದೇ ಗಾಡಿಯಲ್ಲಿ ಸಿಗುತ್ತವೆಯೇ?

ಏಪ್ರಿಲ್ ಕೊನೆಯ ವಾರದಲ್ಲಿ ಈ ಪ್ರಶ್ನೆಯನ್ನು ಹೊತ್ತು ಹೊರಟವನು ಶಿಕಾಗೋ ಹೊರವಲಯದ ನೇಪರ್‌ವಿಲ್‌ನಲ್ಲಿ ನೆಲೆಸಿರುವ ಮೈಸೂರಿನ ಸಾಫ್ಟ್‌ವೇರ್ ಇಂಜಿನಿಯರ್. ಆತ ಬೆಳೆದದ್ದು ಯಾದವಗಿರಿಯಲ್ಲಿ, ಐಡಿಯಲ್ ಜಾವಾ ಕಾರ್ಖಾನೆಯ ಸೈರನ್ ಕೇಳಿಸುವಷ್ಟು ಹತ್ತಿರದಲ್ಲಿ. 1961ರಿಂದ ಜಾವಾ, ಆಮೇಲೆ ಯಜ್ಡಿ ಬೈಕುಗಳನ್ನು ತಯಾರಿಸಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಎರಡು ಸೈಲೆನ್ಸರಿನ ಯಜ್ಡಿಗಳನ್ನು ಗುಜರಿಗೆ ತೂಕದ ಲೆಕ್ಕದಲ್ಲಿ ಹಾಕಿದ ಮನೆಗಳು ಆ ಬೀದಿಯಲ್ಲಿ ಬೇಕಾದಷ್ಟಿದ್ದವು. ಈಗ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನವೆಂದು ಮೈಸೂರು, ಬೆಂಗಳೂರಿನಲ್ಲಿ ಅವೇ ಬೈಕುಗಳು ಒರೆಸಿಕೊಂಡು ಸಾಲಾಗಿ ಹೊರಡುತ್ತವೆ. ಮಾರಿದವರು ಅದೇ ಕಂಡೀಷನ್ನಿನ ಗಾಡಿಯನ್ನು ಮತ್ತೆ ಕೊಳ್ಳಬೇಕೆಂದರೆ ಹುಡುಕಾಡಬೇಕು. ಒಂದು ಕಾಲಕ್ಕೆ ಮನೆಮನೆಯಲ್ಲಿದ್ದ ವಸ್ತು ಅಪರೂಪವಾಗುವ ಬಗೆಯನ್ನು ಆತ ಕಂಡದ್ದು ಹೀಗೆ. ಆದ್ದರಿಂದಲೇ ಆತನ ಕೈಯಲ್ಲಿದ್ದ ಪಟ್ಟಿಯಲ್ಲಿ ದುಬಾರಿ ಹೆಸರುಗಳಿಗಿಂತ ಒಂದು ಕಾಲಕ್ಕೆ ಸಾಮಾನ್ಯವಾಗಿದ್ದ ಕಾರುಗಳೇ ಹೆಚ್ಚು. ಬಜೆಟ್ 25 ಸಾವಿರ ಡಾಲರ್.

ಏಪ್ರಿಲ್ ತಿಂಗಳನ್ನು ಆರಿಸಿಕೊಂಡದ್ದಕ್ಕೂ ಕಾರಣವಿತ್ತು. ಈ ಸೀಮೆಯಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ವಸಂತದ ಮೊದಲ ಜೋರು ಮಳೆಗಳು ಬಂದು ರಸ್ತೆಯ ಉಪ್ಪನ್ನೆಲ್ಲ ತೊಳೆದ ಮೇಲೆಯೇ ಕಾರುಗಳನ್ನು ಪ್ರೀತಿಸುವವರು ಗ್ಯಾರೇಜಿನ ಬಾಗಿಲು ತೆಗೆಯುವುದು. ಮಾರುವವರೂ ಆಗಲೇ ಹೊರಬರುತ್ತಾರೆ.

ಮೊದಲ ಮಿಯಾಟಾ ಸಿಕ್ಕಿದ್ದು ಫಾಕ್ಸ್ ನದಿಯ ದಂಡೆಯ ಊರೊಂದರಲ್ಲಿ. 1990ರ ಮಾದರಿ, ಕೆಂಪು ಬಣ್ಣ, 1.6 ಲೀಟರ್ ಇಂಜಿನ್, 116 ಅಶ್ವಶಕ್ತಿ. ಸಂಖ್ಯೆ ಕೇಳಿದರೆ ಇವತ್ತಿನ ಮನೆಬಳಕೆಯ ಕಾರುಗಳಿಗಿಂತಲೂ ಕಡಿಮೆ. ಆದರೆ ಇಡೀ ಕಾರಿನ ತೂಕ ಒಂದು ಟನ್ನಿಗಿಂತ ಕಡಿಮೆಯಿರುವುದರಿಂದ ತಿರುವಿನಲ್ಲಿ ಅದು ನಡೆದುಕೊಳ್ಳುವ ರೀತಿಯೇ ಬೇರೆ. ಸ್ಟಿಯರಿಂಗ್ ಒಂದಿಷ್ಟು ತಿರುಗಿಸಿದರೆ ಮೂತಿ ಅಷ್ಟೇ ತಿರುಗುತ್ತದೆ. ಗೇರು ಹಾಕುವಾಗ ಮಣಿಕಟ್ಟು ಮಾತ್ರ ಅಲುಗಿದರೆ ಸಾಕು. ಈ ಕಾರಿನ ಮೂಲ ಒಂದು ಹರಟೆ. 1979ರಲ್ಲಿ ಅಮೆರಿಕದ ಪತ್ರಕರ್ತ ಬಾಬ್ ಹಾಲ್ ಮಜ್ದಾದ ಸಂಶೋಧನಾ ಮುಖ್ಯಸ್ಥ ಕೆನಿಚಿ ಯಮಾಮೊಟೊ ಅವರೆದುರು ಕುಳಿತು, ಹಳೆಯ ಬ್ರಿಟಿಷ್ ರೋಡ್‌ಸ್ಟರುಗಳಂಥ ಅಗ್ಗದ, ಹಗುರಾದ, ತೆರೆದ ಕಾರೊಂದನ್ನು ಯಾರೂ ಮಾಡುತ್ತಿಲ್ಲವೆಂದು ಹೇಳಿದ. ಮುಂದೆ ಬಾಬ್ ಹಾಲ್ ಮಜ್ದಾ ಸೇರಿ ಅದೇ ಕೆಲಸಕ್ಕೆ ತೊಡಗಿದ. ಬ್ರಿಟಿಷ್ ಕಾರುಗಳ ಸೊಗಸಿಗೆ ಜಪಾನಿನ ನಂಬಿಕೆ ಸೇರಿತು. ಎಣ್ಣೆ ಸೋರುವುದು, ಮಳೆ ಬಂದರೆ ಸ್ಟಾರ್ಟ್ ಆಗದಿರುವುದು ತಪ್ಪಿತು. 2016ರ ಹೊತ್ತಿಗೆ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟ ಕಂಡದ್ದು ಮತ್ತೊಂದಿಲ್ಲ.

ಮಾರುವಾತ ಸಂಭಾವಿತ. ಬಾನೆಟ್ ತೆಗೆದು ತೋರಿಸಿದ. ಅಲ್ಲಿ ನೋಡಬೇಕಾದದ್ದು ಮುಂಭಾಗದ ಕ್ರ್ಯಾಂಕ್ ಪುಲ್ಲಿ. 1991ರ ನಡುವಿನವರೆಗೆ ಬಂದ ಇಂಜಿನ್‌ಗಳಲ್ಲಿ ಕ್ರ್ಯಾಂಕ್ ಶಾಫ್ಟಿನ ತುದಿ ಗಿಡ್ಡ. ಅದರ ಕೀಲಿ ಸವೆದು ಪುಲ್ಲಿ ಅಲ್ಲಾಡತೊಡಗಿದರೆ ಶಾಫ್ಟ್ ಹಾಳಾಗುತ್ತದೆ. ಪುಲ್ಲಿಯ ಮೇಲೆ ನಾಲ್ಕು ಸೀಳು ಇದ್ದರೆ ಗಿಡ್ಡ ತುದಿ, ಎಂಟು ಇದ್ದರೆ ಉದ್ದ ತುದಿ. ಇದರಲ್ಲಿ ನಾಲ್ಕಿದ್ದವು. ಪುಲ್ಲಿ ಅಲ್ಲಾಡದೆ ನೇರವಾಗಿ ತಿರುಗುತ್ತಿತ್ತು, ಹಾಗಾಗಿ ಅದೊಂದೇ ಆಗಿದ್ದರೆ ಗಾಬರಿಯ ಮಾತಲ್ಲ. ಟೈಮಿಂಗ್ ಬೆಲ್ಟ್ ತುಂಡಾದರೂ ವಾಲ್ವಿಗೂ ಪಿಸ್ಟನ್ನಿಗೂ ಡಿಕ್ಕಿಯಾಗದಂತೆ ಕಟ್ಟಿದ ಇಂಜಿನ್ ಅದು.

ತೊಂದರೆ ಇದ್ದದ್ದು ಹಿಂದಿನ ಚಕ್ರದ ಮುಂದೆ, ಬಾಗಿಲ ಕೆಳಗಿನ ಪಟ್ಟಿಯಲ್ಲಿ. ಮಿಯಾಟಾದ ಮಡಚುವ ಟಾಪಿನ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿನ ಸಣ್ಣ ಕೊಳವೆಗಳಲ್ಲಿಳಿದು ಈ ಪಟ್ಟಿಯ ಬಳಿ ಹೊರಬೀಳಬೇಕು. ಎಲೆ, ಧೂಳು ಸೇರಿ ಕೊಳವೆ ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಹೊರಗಿನಿಂದ ಉಪ್ಪು, ಒಳಗಿನಿಂದ ನೀರು. ಪಟ್ಟಿ ಹೊಸದಾಗಿ ಪೇಂಟ್ ಮಾಡಿ ಫಳಫಳ ಹೊಳೆಯುತ್ತಿತ್ತು. ಆತ ಮೊಣಕಾಲೂರಿ ಹೆಬ್ಬೆರಳಿನಿಂದ ಒತ್ತಿದ. ಕರಕ್ ಅಂತು. ಇನ್ನೊಂದು ಅಂಗುಲ ಪಕ್ಕದಲ್ಲಿ ಒತ್ತಿದಾಗ ಬೆರಳು ಒಳಕ್ಕೆ ಇಳಿಯಿತು. ಪೇಂಟಿನಡಿ ಇದ್ದದ್ದು ಪುಟ್ಟಿ, ಪುಟ್ಟಿಯಡಿ ಗೆದ್ದಲು ತಿಂದ ಬಾಗಿಲ ಚೌಕಟ್ಟಿನಂಥ ಪುಡಿ ತಗಡು. ಮಾರುವವನ ಮುಖ ಬಾಡಿತು. ಆತನೂ ಅದನ್ನು ಹಾಗೆಯೇ ನಂಬಿ ಕೊಂಡವನಂತೆ. ಇಂಜಿನ್ ಇನ್ನೊಂದು ಲಕ್ಷ ಮೈಲಿ ಓಡುತ್ತಿತ್ತು. ಅದನ್ನು ಹೊತ್ತ ಮೈಯೇ ಹೋಗಿತ್ತು.

ಈ ಭಾಗದಲ್ಲಿ ಹಳೆಯ ಕಾರು ಕೊಳ್ಳುವವರು ಮೊದಲು ಕಲಿಯಬೇಕಾದ ಪಾಠ ಇದು. ಕುದುರೆಶಕ್ತಿ, ಬ್ರ್ಯಾಂಡು, ಬಣ್ಣ ಎಲ್ಲ ಆಮೇಲೆ. ಮೊದಲು ಕಾರಿನ ಹೊಟ್ಟೆಯ ಕೆಳಗೆ ಮಲಗಬೇಕು.

ಶಿಕಾಗೋ ಬಿಡುವ ಮುಂಚೆ ಇನ್ನೊಂದು ಕಾರಿನ ಕಥೆ ಹೇಳಲೇಬೇಕು. 1964ರ ಏಪ್ರಿಲ್ 15ರಂದು ನಗರದ ಸಿಸೆರೋ ಅವೆನ್ಯೂದ ಫೋರ್ಡ್ ಡೀಲರ್ ಬಳಿಗೆ 22 ವರ್ಷದ ಶಾಲಾ ಶಿಕ್ಷಕಿಯೊಬ್ಬರು ಕನ್ವರ್ಟಿಬಲ್ ಕೇಳಿಕೊಂಡು ಬಂದರು. ಫೋರ್ಡ್ ತನ್ನ ಹೊಸ ಮಸ್ಟಾಂಗನ್ನು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಬಿಡುಗಡೆ ಮಾಡಲು ಇನ್ನೂ ಎರಡು ದಿನವಿತ್ತು. ಹಿಂದಿನ ಕೋಣೆಯಲ್ಲಿ ಹೊದಿಕೆಯಡಿ ಇದ್ದ ತಿಳಿನೀಲಿ ಮಸ್ಟಾಂಗನ್ನು ಸೇಲ್ಸ್‌ಮನ್ ಅವರಿಗೆ ಮಾರಿಬಿಟ್ಟ. ಬೆಲೆ 3,400 ಡಾಲರ್ ಚಿಲ್ಲರೆ. ಅಮೆರಿಕದಲ್ಲಿ ಗ್ರಾಹಕರಿಗೆ ಮಾರಾಟವಾದ ಮೊದಲ ಮಸ್ಟಾಂಗ್ ಎಂದು ಅದಕ್ಕೆ ಹೆಸರು ಬಂದದ್ದು ಎಷ್ಟೋ ವರ್ಷಗಳ ಮೇಲೆ. 1979ರಲ್ಲಿ ಕೆಟ್ಟು ಗ್ಯಾರೇಜ್ ಸೇರಿದ ಕಾರು 27 ವರ್ಷ ಅಲ್ಲೇ ಕೂತಿತ್ತು. ಕೆಲಸದಿಂದ ನಿವೃತ್ತರಾದ ಮೇಲೆ ಗಂಡ ಅದನ್ನು ರಿಪೇರಿ ಮಾಡಿಸಿದರು. ಆ ಮನೆಯವರು ಅದನ್ನು ಆಸ್ತಿಯೆಂದು ಇಟ್ಟುಕೊಂಡಿರಲಿಲ್ಲ. ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಓಡಿಸಿದ ಮನೆಯ ಕಾರು ಅಂತ ಇಟ್ಟುಕೊಂಡಿದ್ದರು. ಇಲ್ಲಿ ಗಮನಿಸಬೇಕಾದದ್ದು ಅದು. ಬೆಲೆ ಕಟ್ಟಲಾಗದ ಕಾರುಗಳಲ್ಲಿ ಹಲವು, ಯಾರೋ ಮಾರಲು ಮನಸ್ಸು ಬಾರದೆ ಉಳಿಸಿಕೊಂಡವು.

ನೇಪರ್‌ವಿಲ್‌ನಿಂದ ಪೂರ್ವಕ್ಕೆ ಹೊರಟರೆ ಗೇರಿ ಊರಿನ ಉಕ್ಕಿನ ಕಾರ್ಖಾನೆಗಳು ಎಡಕ್ಕೆ ಬರುತ್ತವೆ. 1906ರಲ್ಲಿ ಯುಎಸ್ ಸ್ಟೀಲ್ ಕಟ್ಟತೊಡಗಿದ ಊರು ಅದು. ಡೆಟ್ರಾಯಿಟ್ಟಿನ ಕಾರುಗಳ ಮೈಯ ತಗಡು ಬಹಳ ಕಾಲ ಈ ಸರೋವರದ ದಂಡೆಯಿಂದಲೇ ಹೋಗುತ್ತಿತ್ತು. ಮಿಷಿಗನ್ ಗಡಿ ದಾಟುತ್ತಲೇ ಗಡಿಯಾರ ಒಂದು ತಾಸು ಮುಂದಕ್ಕೆ ಹಾರುತ್ತದೆ. ಆಮೇಲೆ ದ್ರಾಕ್ಷಿ ತೋಟಗಳ ಪಾ ಪಾ, ಕಾಲಮಜೂ, ಕಾರ್ನ್‌ಫ್ಲೇಕ್ಸಿನ ಬ್ಯಾಟಲ್ ಕ್ರೀಕ್, ಜಾಕ್ಸನ್, ಆನ್ ಆರ್ಬರ್. ಈ ದಾರಿ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟದವರೂ ಮಿಷಿಗನ್ನಿನ ಪಂಪ ಕನ್ನಡ ಕೂಟದವರೂ ನಾಟಕ, ಸಂಗೀತಕ್ಕೆ ಇದೇ ಹೆದ್ದಾರಿಯಲ್ಲಿ ಓಡಾಡಿದ್ದಾರೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ 2002ರ ಸಮ್ಮೇಳನ ಡೆಟ್ರಾಯಿಟ್ಟಿನಲ್ಲಿ ನಡೆಯಿತು, 2008ರದ್ದು ಶಿಕಾಗೋದಲ್ಲಿ.

ಕಾಲಮಜೂ ಬಳಿ ಹೆದ್ದಾರಿ ಬಿಟ್ಟು ಹಿಕರಿ ಕಾರ್ನರ್ಸ್ ಎಂಬ ಹಳ್ಳಿಗೆ ಹೋದರೆ ಗಿಲ್ಮೋರ್ ಕಾರ್ ಮ್ಯೂಸಿಯಂ ಸಿಗುತ್ತದೆ. ಅಪ್‌ಜಾನ್ ಔಷಧ ಕಂಪನಿಯ ಮುಖ್ಯಸ್ಥರಾಗಿದ್ದ ಡೊನಾಲ್ಡ್ ಗಿಲ್ಮೋರ್ ಅವರಿಗೆ 1963ರಲ್ಲಿ ಹೆಂಡತಿ ಒಂದು 1920ರ ಪಿಯರ್ಸ್-ಆರೋ ಕಾರನ್ನು ಉಡುಗೊರೆ ಕೊಟ್ಟರು, ರಿಪೇರಿ ಮಾಡಿಕೊಳ್ಳಿ ಅಂತ. ಅಲ್ಲಿಂದ ಬೆಳೆದ ಸಂಗ್ರಹ ಈಗ 90 ಎಕರೆ ಬಯಲಿನಲ್ಲಿ, ಹಳೆಯ ಕಣಜಗಳ ಒಳಗೆ, 400ಕ್ಕೂ ಹೆಚ್ಚು ವಾಹನಗಳಾಗಿ ಹರಡಿದೆ. ಧರ್ಮಸ್ಥಳದ ಮಂಜೂಷಾ ಸಂಗ್ರಹದ ಕಾರುಗಳ ಸಾಲನ್ನು ಕಂಡವರಿಗೆ ಇಲ್ಲಿಯ ಪ್ರೀತಿ ಅಪರಿಚಿತವೆನಿಸದು. ಇಲ್ಲಿ ಮೈಸೂರಿನ ಪ್ರವಾಸಿಯನ್ನು ಹಿಡಿದು ನಿಲ್ಲಿಸಿದ್ದು ಕ್ಯಾಡಿಲಾಕುಗಳಲ್ಲ, ಚೆಕರ್ ಟ್ಯಾಕ್ಸಿ. ಅಮೆರಿಕದ ನಗರಗಳಲ್ಲೆಲ್ಲ ಓಡಿದ ಆ ದುಂಡು ಮೈಯ ಹಳದಿ ಟ್ಯಾಕ್ಸಿಗಳು 1982ರವರೆಗೆ ತಯಾರಾದದ್ದು ಪಕ್ಕದ ಕಾಲಮಜೂದಲ್ಲೇ. ಬೀದಿಗೊಂದರಂತೆ ಇದ್ದವು, ಲಕ್ಷಗಟ್ಟಲೆ ಮೈಲಿ ದುಡಿದು ಗುಜರಿಗೆ ಹೋದವು. ಉಳಿದ ಕೆಲವನ್ನು ಈಗ ಹಗ್ಗ ಕಟ್ಟಿ ದೂರ ನಿಲ್ಲಿಸಿ ನೋಡುತ್ತಾರೆ.

ಡೆಟ್ರಾಯಿಟ್ಟಿನ ಪಶ್ಚಿಮಕ್ಕಿರುವ ನೋವೈ ಊರಿನಲ್ಲಿ ಅಕ್ಕನ ಮನೆ. ಭಾವ ಇಪ್ಪತ್ತೈದು ವರ್ಷದಿಂದ ಗೇರ್‌ಬಾಕ್ಸ್ ಪರೀಕ್ಷೆಯ ಕೆಲಸದಲ್ಲಿರುವವರು. ಪಟ್ಟಿಯನ್ನು ಕೈಗೆ ತೆಗೆದುಕೊಂಡು ಪೆನ್ನಿನಲ್ಲಿ ಹೊಡೆದು ಹಾಕುತ್ತ ಹೋದರು. ಹಳೆಯ ಪೋರ್ಷೆ ಬಾಕ್ಸ್‌ಸ್ಟರ್ ಅಗ್ಗಕ್ಕೆ ಸಿಗುತ್ತದೆ, ಓಡಿಸಲು ಅದ್ಭುತ. ಆದರೆ ಮೊದಲ ತಲೆಮಾರಿನ ಇಂಜಿನ್‌ಗಳಲ್ಲಿ ಮಧ್ಯದ ಶಾಫ್ಟಿನ ಬೇರಿಂಗ್ ಒಡೆದರೆ ಇಂಜಿನ್ನೇ ಹೋಗುತ್ತದೆ, ಬದಲಾಯಿಸಿದ ರಸೀದಿ ಇಲ್ಲದೆ ಮುಟ್ಟುವಂತಿಲ್ಲ. 2000ದ ದಶಕದ ಆರಂಭದ ಬಿಎಂಡಬ್ಲ್ಯು ಎಂ-3ರ ಆರು ಸಿಲಿಂಡರಿನ ಇಂಜಿನ್ನಿನ ದನಿ ಕೇಳಿದವರು ಮರೆಯುವುದಿಲ್ಲ. ಆದರೆ ಹಿಂದಿನ ಆಕ್ಸಲ್ ಕೂರುವ ಜಾಗದ ತಗಡು ಬಿರಿಯುವುದನ್ನು ನೋಡಬೇಕು, ಇಂಜಿನ್ ಬೇರಿಂಗುಗಳನ್ನೂ ಕಾಲಕಾಲಕ್ಕೆ ಬದಲಿಸಬೇಕು. ಹೋಂಡಾ ಎಸ್-2000 ಬಗ್ಗೆ ಭಾವನಿಗೆ ಗೌರವ. ಎರಡು ಲೀಟರಿನ ಇಂಜಿನ್ನಿನಿಂದ ಟರ್ಬೊ ಇಲ್ಲದೆ 240 ಅಶ್ವಶಕ್ತಿ, 9,000 ಆರ್‌ಪಿಎಂವರೆಗೆ ಏರುವ ಸೂಜಿ. 2009ರಲ್ಲಿ ನಿಂತುಹೋದ ಮೇಲೆ ಒಳ್ಳೆಯದರ ಬೆಲೆ ಏರುತ್ತಲೇ ಇದೆ.

"ಎನ್‌ಎಸ್‌ಎಕ್ಸ್ ಯಾಕೆ ಬರೆದಿಲ್ಲ?" ಅಂತ ಭಾವ ಕೇಳಿದರು.

"ಬರೆದು ಏನ್ ಮಾಡ್ಲಿ ಭಾವ, ಮನೆ ಅಡ ಇಡಬೇಕಾಗತ್ತೆ."

ಮಾತು ನಿಜ. ಎನ್‌ಎಸ್‌ಎಕ್ಸ್ ಬಂದಾಗ ಅದರ ಬೆಲೆ ಸುಮಾರು 60 ಸಾವಿರ ಡಾಲರ್. ಇಂದು ಚೆನ್ನಾಗಿಟ್ಟ ಕಾರುಗಳು ಅದಕ್ಕಿಂತ ಹೆಚ್ಚಿಗೆ ಹೋಗುತ್ತವೆ. ಇಡೀ ಮೈ ಅಲ್ಯೂಮಿನಿಯಂ. ರೇಸ್ ಚಾಲಕ ಆಯರ್ಟನ್ ಸೆನ್ನಾ ಸುಜುಕಾ ಟ್ರ್ಯಾಕಿನಲ್ಲಿ ಓಡಿಸಿ ಮೈ ಇನ್ನೂ ಬಿಗಿಯಾಗಬೇಕು ಅಂದದ್ದಕ್ಕೆ ಹೋಂಡಾ ಮತ್ತೆ ಕೂತು ಬಿಗಿಗೊಳಿಸಿತು. 8,000 ಆರ್‌ಪಿಎಂಗೆ ಏರುವ ವಿ-6 ಇಂಜಿನ್, 270 ಅಶ್ವಶಕ್ತಿ, ಹಾಗಿದ್ದೂ ದಿನಾ ಆಫೀಸಿಗೆ ಒಯ್ಯಬಹುದಾದಷ್ಟು ಸಭ್ಯ ನಡತೆ. 2005ರವರೆಗೆ ಲೋಕಕ್ಕೆಲ್ಲ ಮಾಡಿದ್ದು 18 ಸಾವಿರ ಚಿಲ್ಲರೆ. ಖುಷಿ, ನಂಬಿಕೆ, ಸಂಗ್ರಹಯೋಗ್ಯತೆ ಮೂರೂ ಒಂದೇ ಕಾರಿನಲ್ಲಿ ಕೂಡಿಬಂದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆದರೆ ಮೂರೂ ಕೂಡಿದ್ದು ಎಲ್ಲರಿಗೂ ಗೊತ್ತಾದ ಮೇಲೆ ಅದು ಸಾಮಾನ್ಯ ಸಂಬಳದವರ ಕೈಗೆ ಎಟುಕುವುದಿಲ್ಲ. ಗೊತ್ತಾಗುವ ಮುಂಚೆ ಹಿಡಿಯಬೇಕು.

ಮಾರನೆಯ ಬೆಳಿಗ್ಗೆ ಭಾವ ಅವನನ್ನು ಡೆಟ್ರಾಯಿಟ್ ನಗರದೊಳಗೆ ಕರೆದೊಯ್ದರು. ಕಾನರ್ ಅವೆನ್ಯೂದಲ್ಲಿ ವೈಪರ್ ತಯಾರಾಗುತ್ತಿದ್ದ ಕಟ್ಟಡ ಹೊರಗಿನಿಂದ ಗೋದಾಮಿನಂತೆ ಕಾಣುತ್ತದೆ. 1995ರಿಂದ 2017ರವರೆಗೆ ಇಲ್ಲಿ ಸಣ್ಣ ತಂಡವೊಂದು ಬಹುಪಾಲು ಕೈಯಿಂದಲೇ ಆ ಕಾರುಗಳನ್ನು ಜೋಡಿಸಿತು. ಮೊದಮೊದಲಿನವುಗಳದು ಎಂಟು ಲೀಟರಿನ ಇಂಜಿನ್, 400 ಅಶ್ವಶಕ್ತಿ. ಟ್ರಕ್ಕಿಗೆಂದು ಯೋಚಿಸಿದ ಆ ಇಂಜಿನ್ನನ್ನು ಅಲ್ಯೂಮಿನಿಯಂಗೆ ಹೊಂದಿಸಲು, ಆಗ ಕ್ರೈಸ್ಲರ್ ಕೈಯಲ್ಲೇ ಇದ್ದ ಲಂಬೋರ್ಗಿನಿಯ ನೆರವು ಪಡೆದಿದ್ದರು. ಮೊದಲ ವೈಪರುಗಳಲ್ಲಿ ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಸೈಲೆನ್ಸರು ಬಾಗಿಲ ಕೆಳಗೇ ಹಾದುಹೋಗುವುದರಿಂದ ಇಳಿಯುವಾಗ ಮೀನಖಂಡ ಸುಟ್ಟುಕೊಂಡವರು ಲೆಕ್ಕವಿಲ್ಲ. ರೋಮಾಂಚನಕ್ಕೆ ಕೊರತೆಯಿಲ್ಲದ, ಸಂಗ್ರಹಕ್ಕೆ ಬೆಲೆಯುಳ್ಳ ಕಾರು. ಆದರೆ ಮಳೆ ಬಂದ ದಿನ ಹಿಂದಿನ ಚಕ್ರ ಜಾರಿದರೆ ಹಿಡಿದುಕೊಳ್ಳಲು ಚಾಲಕನ ಕಾಲಲ್ಲದೆ ಬೇರೇನೂ ಇಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಬೇಕೆಂದುಕೊಂಡವನು ಅದನ್ನು ಪಟ್ಟಿಗೆ ಸೇರಿಸಲಿಲ್ಲ.

ಅದೇ ನಗರದ ಅಡಿಯಲ್ಲಿ, ಸುಮಾರು 1,200 ಅಡಿ ಆಳದಲ್ಲಿ, ಒಂದು ಉಪ್ಪಿನ ಗಣಿಯಿದೆ. ಕೋಟ್ಯಂತರ ವರ್ಷಗಳ ಹಿಂದೆ ಈ ನೆಲವನ್ನು ಮುಚ್ಚಿದ್ದ ಸಮುದ್ರ ಆವಿಯಾಗಿ ಬಿಟ್ಟುಹೋದ ಉಪ್ಪು. 1910ರಿಂದ ಅಗೆಯುತ್ತ ಬಂದಿದ್ದಾರೆ. ಸುಮಾರು 1,500 ಎಕರೆ ಹರಡಿದ ಸುರಂಗಗಳು, ಒಳಗೇ ನೂರು ಮೈಲಿಗೂ ಹೆಚ್ಚು ರಸ್ತೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವುದನ್ನು ಅಮೆರಿಕದಲ್ಲಿ ಮೊದಮೊದಲು ಶುರುಮಾಡಿದ ನಗರಗಳಲ್ಲಿ ಡೆಟ್ರಾಯಿಟ್ ಒಂದು, 1940ರಲ್ಲಿ. ಉಪ್ಪು ಎಷ್ಟೋ ಪ್ರಾಣ ಉಳಿಸಿದೆ. ಹಿಮದ ರಸ್ತೆಯಲ್ಲಿ ಬ್ರೇಕ್ ಹಿಡಿಯುವುದು ಅದರಿಂದಲೇ. ಅದರ ಬೆಲೆಯನ್ನು ತೆರುವುದು ಉಕ್ಕು. ಕಾರಿನಡಿಯ ಬ್ರೇಕ್ ಪೈಪು, ಸಸ್ಪೆನ್ಷನ್ ಬೋಲ್ಟು, ಸೈಲೆನ್ಸರ್ ಬಿಗಿಯುವ ಕ್ಲ್ಯಾಂಪು ಒಂದೊಂದಾಗಿ ತುಕ್ಕು ಹಿಡಿದು ಕರಗುತ್ತವೆ. ಹತ್ತು ಚಳಿಗಾಲ ಕಂಡ ಕಾರನ್ನೂ ಒಂದೂ ಕಾಣದ ಅದೇ ಮಾದರಿಯನ್ನೂ ಲಿಫ್ಟಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರೆ ಎರಡೂ ಒಂದೇ ಕಾರ್ಖಾನೆಯವು ಅಂತ ನಂಬುವುದು ಕಷ್ಟ.

ಸಂಗ್ರಹಯೋಗ್ಯತೆಯ ಕುರಿತು ಈ ಲೇಖನಕ್ಕೆ ಹೇಳಲಿಕ್ಕಿರುವುದು ಇಲ್ಲಿಂದಲೇ ಹುಟ್ಟುತ್ತದೆ. ಖುಷಿ ಮತ್ತು ನಂಬಿಕೆಯನ್ನು ಇಂಜಿನಿಯರುಗಳು ಕಾರಿನೊಳಗೆ ಕಟ್ಟಿ ಕಳಿಸುತ್ತಾರೆ. ಮೂರನೆಯದು ಕಾರ್ಖಾನೆಯಲ್ಲಿ ಅರ್ಧ ಮಾತ್ರ ಆಗುತ್ತದೆ. ಉಳಿದರ್ಧ ಮಾಡುವವರು ಮಾಲೀಕರು: ಚಳಿಗಾಲದಲ್ಲಿ ಹೊರಗೆ ತೆಗೆಯದವರು, ಎಣ್ಣೆ ಬದಲಿಸಿದ ರಸೀದಿ ಫೈಲಿಗೆ ಹಾಕಿದವರು, ದೊಡ್ಡ ಸ್ಪಾಯ್ಲರ್ ಅಂಟಿಸಬೇಕೆನಿಸಿದಾಗ ಕೈ ಕಟ್ಟಿಕೊಂಡವರು. 1987ರ ಬ್ಯೂಕ್ ಜಿಎನ್‌ಎಕ್ಸ್ 547 ಮಾತ್ರ ತಯಾರಾದವು. ಅಪರೂಪವೆಂದು ಮೊದಲ ದಿನವೇ ಗೊತ್ತಿದ್ದರಿಂದ ಹಲವರು ಕೊಂಡು ಹಾಗೇ ಮುಚ್ಚಿಟ್ಟರು. ಬೆಲೆ ಏರಿತು, ನಿಜ. ಆದರೆ ಅಂಥ ಕಾರನ್ನು ಕೊಂಡವರು ಓಡಿಸಲು ಹೆದರುತ್ತಾರೆ. ಒಂದೊಂದು ಮೈಲಿಯೂ ಬೆಲೆ ತಗ್ಗಿಸುತ್ತದೆ. ಸಾವಿರಾರು ತಯಾರಾಗಿ, ಚೆನ್ನಾಗಿ ಓಡಿ, ಚೆನ್ನಾಗಿ ಉಳಿದ ಕಾರು ಸಿಕ್ಕರೆ ಆ ಹೆದರಿಕೆ ಇಲ್ಲ. ಓಡಿಸುವ ಮನಸ್ಸಿದ್ದವರು ಹುಡುಕಬೇಕಾದದ್ದು ಅಂಥದ್ದನ್ನು.

ಊರಿಗೆ ಮರಳುವ ದಾರಿಯಲ್ಲಿ ಭಾವ ವುಡ್‌ವರ್ಡ್ ಅವೆನ್ಯೂ ಹಿಡಿದರು. 1909ರಲ್ಲಿ ಕಾಂಕ್ರೀಟ್ ರಸ್ತೆಯ ಮೊದಲ ಮೈಲಿ ಹಾಕಿದ್ದು ಈ ರಸ್ತೆಯಲ್ಲಿ, ಸಿಕ್ಸ್ ಮೈಲ್ ಮತ್ತು ಸೆವೆನ್ ಮೈಲ್ ರಸ್ತೆಗಳ ನಡುವೆ. 1960ರ ದಶಕದಲ್ಲಿ ಯುವಕರು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ರೇಸ್ ಹಚ್ಚುತ್ತಿದ್ದ ರಸ್ತೆಯೂ ಇದೇ. 1964ರ ಪಾಂಟಿಯಾಕ್ ಜಿಟಿಓ ತನ್ನ ಹೆಸರು ಗಳಿಸಿಕೊಂಡದ್ದು ಇಂಥ ರಾತ್ರಿಗಳಲ್ಲಿ. 1995ರಲ್ಲಿ ಫರ್ನ್‌ಡೇಲ್ ಊರಿನವರು ಮಕ್ಕಳ ಸಾಕರ್ ಮೈದಾನಕ್ಕೆ ಹಣ ಕೂಡಿಸಲು ಹಳೆಯ ಕಾರುಗಳ ಮೆರವಣಿಗೆ ಇಟ್ಟರು. ಅದು ವುಡ್‌ವರ್ಡ್ ಡ್ರೀಮ್ ಕ್ರೂಸ್ ಆಗಿ, ಪ್ರತಿ ವರ್ಷ ಆಗಸ್ಟ್ ಮೂರನೇ ಶನಿವಾರ ಪಾಂಟಿಯಾಕ್ ಊರಿನವರೆಗೆ ಸುಮಾರು 16 ಮೈಲಿ ಉದ್ದಕ್ಕೂ ನಡೆಯುತ್ತದೆ. ಟಿಕೆಟ್ ಇಲ್ಲ, ಬೇಲಿಯಿಲ್ಲ. ಕೋಟಿ ಬೆಲೆಯ ಕಾರಿನ ಪಕ್ಕದಲ್ಲಿ ತುಕ್ಕಿನ ಪಿಕಪ್ ನಿಂತಿರುತ್ತದೆ, ಜನ ಫುಟ್‌ಪಾತಿನಲ್ಲಿ ಕುರ್ಚಿ ಹಾಕಿಕೊಂಡು ಎರಡಕ್ಕೂ ಕೈ ಬೀಸುತ್ತಾರೆ.

ಆ ಸಂಜೆ ನೋಡಿದ ಕಾರು ಮಿಲ್‌ಫರ್ಡ್ ಕಡೆಯ ನಿವೃತ್ತ ಟೂಲ್‌ಮೇಕರ್ ಒಬ್ಬರದು. 2002ರ ಕಾರ್ವೆಟ್, ಸಿ-5 ತಲೆಮಾರಿನ ಝೀ-ಓ-ಸಿಕ್ಸ್. ಕಾರ್ವೆಟ್ ಮಿಷಿಗನ್ನಿನ ಮಗು. 1953ರಲ್ಲಿ ಮೊದಲ 300 ಕಾರುಗಳನ್ನು ಫ್ಲಿಂಟ್‌ನಲ್ಲಿ ಕೈಯಿಂದ ಜೋಡಿಸಿದರು, ಎಲ್ಲವೂ ಬಿಳಿ. ಅಂದಿನಿಂದ ಅದರ ಮೈ ಫೈಬರಿನದು. ತಗಡಿಲ್ಲದ ಮೈಗೆ ತುಕ್ಕಿಲ್ಲ. ಆದರೆ ಮೈಯಡಿಯ ಚೌಕಟ್ಟು ಉಕ್ಕಿನದೇ, ಹಾಗಾಗಿ ಭಾವ ಹೊಳೆಯುವ ಬಣ್ಣವನ್ನು ನೋಡಲೂ ನಿಲ್ಲದೆ ಟಾರ್ಚ್ ಹಿಡಿದು ಕೆಳಗೆ ತೆವಳಿದರು.

"ಬ್ರೇಕ್ ಪೈಪ್ ನೋಡೋ ಇಲ್ಲಿ, ಹೊಸದರ ಥರ ಇದೆ. ಈ ಕಾರು ಹಿಮ ಕಂಡಿಲ್ಲ ಕಣೋ."

"ಗ್ಯಾರಂಟೀನಾ ಭಾವ?"

"ಬೋಲ್ಟಿನ ತಲೆ ಸುಳ್ಳು ಹೇಳಲ್ಲ."

ಹಿರಿಯರು ಫೈಲ್ ತಂದಿಟ್ಟರು. ಎಣ್ಣೆ ಬದಲಿಸಿದ ಪ್ರತಿ ತಾರೀಖು, ಮೈಲಿ. ಸ್ಟಿಯರಿಂಗ್ ಕಾಲಮ್ ಲಾಕಿನ ರೀಕಾಲ್ ಮಾಡಿಸಿದ ಕಾಗದ. ಆ ಎಲ್ಎಸ್-6 ಇಂಜಿನ್ನಿನಲ್ಲಿ ಮುರಿಯುತ್ತವೆಂದು ದೂರು ಕೇಳಿಬಂದ ವಾಲ್ವ್ ಸ್ಪ್ರಿಂಗುಗಳನ್ನು ಬದಲಿಸಿದ ಬಿಲ್ಲು. ಸೈಲೆನ್ಸರು ಮೂಲದ ಟೈಟಾನಿಯಂ ಸೈಲೆನ್ಸರೇ. ಮೈಲೇಜು ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ. ಟೈರಿನ ಕಟ್ಟಿಂಗ್ ಚೆನ್ನಾಗಿತ್ತು, ಆದರೆ ಪಕ್ಕದಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿ 3511. ಅಂದರೆ 2011ರ 35ನೇ ವಾರದಲ್ಲಿ ಮಾಡಿದ್ದು. ಇಷ್ಟು ಹಳೆಯ ರಬ್ಬರು ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. 405 ಅಶ್ವಶಕ್ತಿಯ ಕಾರಿಗೆ ಅದು ಅಪಾಯ. ನಾಲ್ಕು ಹೊಸ ಟೈರಿನ ದುಡ್ಡು ಬೆಲೆಯಿಂದ ಇಳಿಯಬೇಕೆಂದು ಭಾವ ಅಲ್ಲೇ ಮಾತು ತೆಗೆದರು. ಹಿರಿಯರು ಒಪ್ಪಿದರು, ನ್ಯಾಯದ ಮಾತು ಅಂದರು.

ಓಡಿಸಲು ಕೊಟ್ಟಾಗ ಮೊದಲ ನಿಮಿಷ ಗೊಂದಲ. ಮೆಲ್ಲಗೆ ಹೊರಟು ಒಂದನೇ ಗೇರಿನಿಂದ ಎರಡಕ್ಕೆ ಎಳೆದರೆ ಲಿವರ್ ತಾನಾಗಿ ನಾಲ್ಕಕ್ಕೆ ಹೋಯಿತು. ಪೆಟ್ರೋಲ್ ಉಳಿತಾಯದ ಪರೀಕ್ಷೆ ಪಾಸಾಗಲು ಕಂಪನಿಯೇ ಇಟ್ಟ ಏರ್ಪಾಡು ಅದು. ಆಕ್ಸಿಲರೇಟರ್ ಸ್ವಲ್ಪ ಜೋರಾಗಿ ಒತ್ತಿದರೆ ಎರಡು ಸರಿಯಾಗಿ ಬೀಳುತ್ತದೆ. ಹಿರಿಯರು ನಕ್ಕು, ಮೆಲ್ಲಗೆ ಓಡಿಸಬೇಡ ಅಂದರು. ಹಳ್ಳಿಯ ನೇರ ರಸ್ತೆ ಸಿಕ್ಕಿತು. 5.7 ಲೀಟರಿನ ವಿ-8 ಕಡಿಮೆ ಆರ್‌ಪಿಎಂನಲ್ಲೇ ಬೆನ್ನನ್ನು ಸೀಟಿಗೆ ಒತ್ತಿತು. ಸೂಜಿ ಏರಿದಂತೆ ದನಿ ಗಡಸಾಯಿತು. ಮಿಯಾಟಾದಂತೆ ಇದು ಬೆರಳ ತುದಿಯ ಆಟವಲ್ಲ. ಕ್ಲಚ್ಚು ಭಾರ, ಮೂತಿ ಉದ್ದ, ಒಳಗಿನ ಪ್ಲಾಸ್ಟಿಕ್ ಅಗ್ಗದ್ದು. ಆದರೆ ತೂಕ 1,400 ಕಿಲೋ ಆಸುಪಾಸು ಮಾತ್ರ ಇರುವುದರಿಂದ ತಿರುವಿನಲ್ಲಿ ಅದು ತಡವರಿಸುವುದಿಲ್ಲ. ಇಂಜಿನ್ ಸರಳ: ಪ್ರತಿ ಸಿಲಿಂಡರಿಗೆ ಎರಡೇ ವಾಲ್ವ್, ಬೆಲ್ಟಿನ ಬದಲು ಚೈನು. ಇದೇ ಕುಟುಂಬದ ಇಂಜಿನ್ನುಗಳು ಲಕ್ಷಾಂತರ ಪಿಕಪ್‌ಗಳಲ್ಲಿ ಇರುವುದರಿಂದ ಬಿಡಿಭಾಗ ಯಾವ ಸಣ್ಣ ಊರಿನಲ್ಲೂ ಸಿಗುತ್ತದೆ, ರಿಪೇರಿ ಗೊತ್ತಿರುವ ಮೆಕ್ಯಾನಿಕ್ಕೂ ಸಿಗುತ್ತಾನೆ. 2001ರಿಂದ 2004ರವರೆಗೆ ಇಂಥ ಝೀ-ಓ-ಸಿಕ್ಸ್ 28 ಸಾವಿರಕ್ಕೂ ಹೆಚ್ಚು ತಯಾರಾದವು. ಅಪರೂಪವಲ್ಲ. ಹಲವು ರೇಸ್ ಟ್ರ್ಯಾಕಿನಲ್ಲಿ ಸವೆದವು, ಹಲವು ಕಾಂಪೌಂಡಿಗೆ ಗುದ್ದಿದವು, ಇನ್ನು ಕೆಲವಕ್ಕೆ ಟರ್ಬೊ ಜೋಡಿಸಿ ಮೂಲ ಸ್ವರೂಪವೇ ಉಳಿಯಲಿಲ್ಲ. ಮುಟ್ಟದೆ ಉಳಿದವು ವರ್ಷವರ್ಷ ಕಡಿಮೆಯಾಗುತ್ತಿವೆ.

ಬೆಲೆ ಬಜೆಟ್ಟಿನೊಳಗೆ ಕುದುರಿತು. ಆದರೆ ಕೈಕುಲುಕುವ ಮುಂಚೆ ಪ್ರಶ್ನೆ ಕೇಳಿದವರು ಮಾರುವ ಹಿರಿಯರೇ. ಎಲ್ಲಿ ನಿಲ್ಲಿಸುತ್ತೀಯ, ಚಳಿಗಾಲದಲ್ಲಿ ಏನು ಮಾಡುತ್ತೀಯ, ಗ್ಯಾರೇಜಿಗೆ ಹೀಟರ್ ಇದೆಯೇ, ಎಣ್ಣೆ ಯಾವುದು ಹಾಕುತ್ತೀಯ. ಹೆಣ್ಣು ಕೊಡುವ ಮನೆಯವರಷ್ಟೇ ನಿಷ್ಠೆಯಿಂದ ವಿಚಾರಿಸಿದರು. ಉತ್ತರಗಳು ಒಪ್ಪಿಗೆಯಾದ ಮೇಲೆ ಟೈಟಲ್ ಕಾಗದ ಹೊರಬಂತು. ಅದರ ಮೇಲೆ ಸಾಲ್ವೇಜ್ ಅಥವಾ ರೀಬಿಲ್ಟ್ ಎಂಬ ಮುದ್ರೆ ಇಲ್ಲದಿರುವುದನ್ನೂ ಚಾಸಿ ನಂಬರ್ ಗಾಜಿನಡಿಯ ನಂಬರಿಗೆ ತಾಳೆಯಾಗುವುದನ್ನೂ ಭಾವ ಎರಡೆರಡು ಸಲ ನೋಡಿದರು. ಹಾಗಿದ್ದೂ ಮುಂಗಡ ಕೊಟ್ಟದ್ದು, ಸಂಬಂಧವಿಲ್ಲದ ಮೂರನೆಯ ಮೆಕ್ಯಾನಿಕ್ ಒಬ್ಬ ಲಿಫ್ಟಿಗೇರಿಸಿ ಸಿಲಿಂಡರುಗಳ ಕಂಪ್ರೆಷನ್ ಅಳೆದು ವರದಿ ಕೊಡಬೇಕೆಂಬ ಕರಾರಿನ ಮೇಲೆ. ಆ ವರದಿಗೆ ಮುನ್ನೂರು ಡಾಲರ್ ಹೋದರೂ ನಷ್ಟವಲ್ಲ.

ಇನ್ಶೂರೆನ್ಸಿನ ವಿಷಯಕ್ಕೆ ಬಂದರೆ, ಸಾಮಾನ್ಯ ಪಾಲಿಸಿಯಲ್ಲಿ ಹಳೆಯ ಕಾರಿನ ಬೆಲೆ ವರ್ಷವರ್ಷ ಇಳಿಯುತ್ತದೆ. ಮಿಷಿಗನ್ನಿನದೇ ಟ್ರಾವರ್ಸ್ ಸಿಟಿಯ ಹ್ಯಾಗರ್ಟಿ ಕಂಪನಿ 1984ರಲ್ಲಿ ಮರದ ದೋಣಿಗಳಿಗೆ ವಿಮೆ ಮಾಡುತ್ತ ಶುರುವಾಗಿ, ಈಗ ಹಳೆಯ ಕಾರುಗಳ ವಿಮೆ ಮತ್ತು ಬೆಲೆ ಅಂದಾಜಿಗೆ ಹೆಸರಾಗಿದೆ. ಇಂಥ ವಿಮೆಯಲ್ಲಿ ಕಾರಿನ ಬೆಲೆಯನ್ನು ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡು ಬರೆಯುತ್ತಾರೆ. ಪ್ರತಿಯಾಗಿ ಕಾರು ಬಾಗಿಲು ಹಾಕುವ ಗ್ಯಾರೇಜಿನಲ್ಲಿರಬೇಕು, ದಿನಾ ಆಫೀಸಿಗೆ ಒಯ್ಯುವಂತಿಲ್ಲ. ಭಾನುವಾರ ಬೆಳಿಗ್ಗೆ ಮಗಳೊಂದಿಗೆ ಫಾಕ್ಸ್ ನದಿಯ ದಂಡೆಯಗುಂಟ ಹೋಗಲು ಅಡ್ಡಿಯಿಲ್ಲ. ಖಾಸಗಿ ಮಾರಾಟಕ್ಕೆ ಇಲಿನಾಯ್ ರಾಜ್ಯದ ತೆರಿಗೆ ಬೇರೆ ಕಟ್ಟಬೇಕು. ಆ ಫಾರಂ ಅವನ ಬ್ಯಾಗಿನಲ್ಲೇ ಇತ್ತು.

ಮೆಕ್ಯಾನಿಕ್ಕಿನ ವರದಿ ಗುರುವಾರ ಬಂತು. ಎಂಟೂ ಸಿಲಿಂಡರುಗಳ ಅಳತೆ ಹೆಚ್ಚುಕಡಿಮೆ ಒಂದೇ. ಹಿಂದಿನ ಒಂದು ಶಾಕ್ ಅಬ್ಸಾರ್ಬರ್ ಎಣ್ಣೆ ಬಿಡುತ್ತಿದೆ, ಅಷ್ಟೇ. ಕಾರನ್ನು ಮನೆಗೆ ಒಯ್ಯಲು ಐ-94 ಬೇಡ, ಮಿಷಿಗನ್ ಅವೆನ್ಯೂ ಎಂದು ಡೆಟ್ರಾಯಿಟ್ಟಿನಲ್ಲಿ ಶುರುವಾಗುವ ಹಳೆಯ ಯುಎಸ್-12 ಹಿಡಿ ಅಂತ ಭಾವ ಫೋನಿನಲ್ಲಿ ಹೇಳಿದರು. ಮೂಲನಿವಾಸಿಗಳ ಸಾಕ್ ಕಾಲುದಾರಿಯ ಮೇಲೆ ಬೆಳೆದ ರಸ್ತೆ ಅದು. ಐರಿಷ್ ಹಿಲ್ಸ್‌ನ ಕೆರೆಗಳ ನಡುವೆ ಏರಿಳಿಯುತ್ತ, ಮಿಷಿಗನ್ ಇಂಟರ್‌ನ್ಯಾಷನಲ್ ಸ್ಪೀಡ್‌ವೇಯ ಪಕ್ಕದಲ್ಲೇ ಹಾದು, ಕೋಲ್ಡ್‌ವಾಟರ್, ಸ್ಟರ್ಜಿಸ್ ಊರುಗಳ ಮೂಲಕ ಶಿಕಾಗೋ ಕಡೆಗೆ ಹೋಗುತ್ತದೆ. ಎರಡು ತಾಸು ಹೆಚ್ಚು ಹಿಡಿಯುತ್ತದೆ. ಟೈರು ಮೊದಲು ಹಾಕಿಸು, ಆಮೇಲೆ ಹೊರಡು ಅಂತಲೂ ಎಚ್ಚರಿಸಿದರು. ಅಕ್ಕ ಫೋನ್ ಕಿತ್ತುಕೊಂಡು ತಕರಾರು ತೆಗೆದಳು: ಆಗಸ್ಟಿನ ಕ್ರೂಸಿಗೆ ತಮ್ಮನ ಕಾರು ಬರುತ್ತದೆ ಅಂತ ಇವರು ಈಗಲೇ ಗ್ಯಾರೇಜಿನ ಅರ್ಧ ಭಾಗ ಖಾಲಿ ಮಾಡಿಸಿದ್ದಾರೆ, ಹಪ್ಪಳ ಒಣಗಿಸುವ ಮಂಚ ಎಲ್ಲಿಡಲಿ ಹೇಳು.